100 ಎಂ.ಎಲ್. ಲಾಭ ಅಂತ ತಗೊಂಡೆ, ಎಂ.ಎಲ್.ಗೆ 200 ರೂಪಾಯಿ ಬಿತ್ತು

"ಮೊದಲ ಸಲ ಒಳ್ಳೆ ಪರ್ಫ್ಯೂಮ್ ತಗೊಳ್ತಿದ್ದೀನಿ. 30, 50, 100 ಎಂ.ಎಲ್. ಮೂರೂ ಇದೆ. 100 ತಗೊಂಡ್ರೆ ಎಂ.ಎಲ್. ಲೆಕ್ಕದಲ್ಲಿ ಅಗ್ಗ, ಅದೇ ಸರಿ ಅಲ್ವಾ?" ಅಂತ ಕೇಳಿದ್ದೀರಿ. ಆ 'ಅಲ್ವಾ' ನೋಡಿ ನಗು ಬಂತು. 2019ರ ದೀಪಾವಳಿ ಕಳೆದ ವಾರ ನಾನೂ ಬೆಂಗಳೂರಿನ ಒಂದು ಮಾಲ್‌ನಲ್ಲಿ ನಿಂತು ಅಂಗಡಿಯ ಹುಡುಗಿಗೆ ಇದೇ 'ಅಲ್ವಾ' ಕೇಳಿದ್ದೆ. ಅವಳು "ಹೌದು ಸರ್" ಅಂದಳು. ಪಾಪ, ಅವಳು ಇನ್ನೇನು ಅಂದಾಳು.

ನಮ್ಮದು ಚಿಕ್ಕಬಳ್ಳಾಪುರ. ಅಮ್ಮ ಮನೆ ಮುಂದೆ ಕೂತು ಹೂ ಕಟ್ಟಿ ಮಾರುತ್ತಾರೆ. ಕಾಕಡ, ಮಲ್ಲಿಗೆ, ಸೇವಂತಿಗೆ, ಗುಲಾಬಿ. ಸುವಾಸನೆಗೆ ಬರ ಇಲ್ಲದ ಮನೆ. ಆದರೂ ನನಗೆ ಕಾಲೇಜಿನಿಂದ ಒಂದೇ ಆಸೆ, ಜಾಹೀರಾತಿನಲ್ಲಿ ಬರುವಂಥ ಒಂದು ದಪ್ಪ ಗಾಜಿನ ಸೆಂಟು ಬಾಟಲಿ ನನ್ನದಾಗಬೇಕು. ಕೆಲಸ ಸಿಕ್ಕಿ ಮೊದಲ ಬೋನಸ್ ಬಂದ ಭಾನುವಾರವೇ ಬಸ್ಸು ಹತ್ತಿದೆ.

ಹುಡುಗಿ ಒಂದು ಕಾಗದದ ಪಟ್ಟಿಗೆ ಚಿಮುಕಿಸಿ ಕೊಟ್ಟಳು. ಹೇರಳೆಕಾಯಿ ಸಿಪ್ಪೆ ಕಿವುಚಿದ ಹಾಗೆ ಘಮ್ಮಂತ ಬಂತು. ಎರಡು ನಿಮಿಷ ಮೂಸಿದೆ, ಮನಸೋತೆ. 30 ಎಂ.ಎಲ್.ಗೆ 2,100 ರೂಪಾಯಿ, 50ಕ್ಕೆ 3,100, 100ಕ್ಕೆ 4,800. ಮೊಬೈಲ್ ತೆಗೆದು ಭಾಗಿಸಿದೆ. 70, 62, 48. ಎಂ.ಎಲ್.ಗೆ 48 ರೂಪಾಯಿ! ದೊಡ್ಡದನ್ನು ಬಿಟ್ಟು ಚಿಕ್ಕದು ತಗೊಳ್ಳೋನು ದಡ್ಡ ಅಂದುಕೊಂಡು 4,800 ಕೊಟ್ಟು ಬಂದೆ.

ನನ್ನ ತಪ್ಪು ಆ ಭಾಗಾಕಾರ. ಇದನ್ನು ಸ್ವಲ್ಪ ಎಳೆದು ಹೇಳ್ತೀನಿ, ಬೇಜಾರು ಮಾಡ್ಕೊಬೇಡಿ. ಭಾಗಿಸಿದ್ದು ಸರಿಯಾಗೇ ಇತ್ತು, 4,800ನ್ನು 100ರಿಂದ ಭಾಗಿಸಿದರೆ 48 ಬರುತ್ತೆ. ಆದರೆ ಯಾವುದರಿಂದ ಭಾಗಿಸಬೇಕು ಅನ್ನೋದೇ ತಪ್ಪಾಗಿತ್ತು. ನಾನು ಬಾಟಲಿಯಲ್ಲಿ ಎಷ್ಟಿದೆಯೋ ಅದರಿಂದ ಭಾಗಿಸಿದೆ. ಮೈಮೇಲೆ ಎಷ್ಟು ಹೋಗುತ್ತೋ ಅದರಿಂದ ಭಾಗಿಸಬೇಕಿತ್ತು. ಅಕ್ಕಿಗೆ ಎರಡೂ ಒಂದೇ, 25 ಕೆ.ಜಿ. ಮೂಟೆ ತಂದರೆ 25 ಕೆ.ಜಿ.ಯೂ ಹೊಟ್ಟೆಗೆ ಹೋಗುತ್ತೆ. ಸೆಂಟಿಗೆ ಎರಡೂ ಒಂದಲ್ಲ. ಎಷ್ಟು ಹೋಗುತ್ತೆ ಅಂತ ಅಂಗಡಿಯಲ್ಲಿ ಯಾರೂ ಬರೆದು ಹಾಕಿರಲ್ಲ. ಅದು ನಮ್ಮ ಬದುಕಿನ ಲೆಕ್ಕ, ನಾವೇ ಕೂತು ಹಾಕಬೇಕು. ನಾನು ಹಾಕಲಿಲ್ಲ.

ಹಾಕಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಯಾಕಂದ್ರೆ ನನ್ನ ಕೆಲಸ ದೇವನಹಳ್ಳಿ ಕಡೆ ಒಂದು ಔಷಧಿ ಕಂಪನಿಯ ಪ್ಯಾಕಿಂಗ್ ವಿಭಾಗದಲ್ಲಿ. ಒಳಗೆ ಹೋಗುವಾಗ ಉಂಗುರ ಇಲ್ಲ, ವಾಚು ಇಲ್ಲ, ಸೆಂಟು ಅಂತೂ ಇಲ್ಲವೇ ಇಲ್ಲ. ವಾರಕ್ಕೆ ಆರು ದಿನ ಸೆಂಟು ಹಚ್ಚೋಕೇ ಬಿಡದ ಕಡೆ ಕೆಲಸ ಮಾಡೋನು ನಾನು! ಉಳಿದದ್ದು ಭಾನುವಾರ, ಒಂದಷ್ಟು ಮದುವೆ, ಗೃಹಪ್ರವೇಶ. 4,800 ರೂಪಾಯಿ ಎಣಿಸುವಾಗ ಇದು ತಲೆಗೆ ಬರಲೇ ಇಲ್ಲ. ಈಗಲೂ ನೆನೆಸಿಕೊಂಡರೆ ಕೆನ್ನೆಗೆ ಹೊಡ್ಕೊಳ್ಳೋಣ ಅನಿಸುತ್ತೆ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಆ ಪಟ್ಟಿಯನ್ನು ಜೇಬಿನಿಂದ ತೆಗೆದು ತೆಗೆದು ಮೂಸುತ್ತಿದ್ದೆ. ಹೆಬ್ಬಾಳ ದಾಟುವಷ್ಟರಲ್ಲಿ ಹೇರಳೆಕಾಯಿ ಮಾಯ. ದೇವನಹಳ್ಳಿ ಹತ್ತಿರ ಬಂದಾಗ ಮೂಗಿಗೆ ಹತ್ತಿದ್ದೇ ಬೇರೆ, ಹಳೇ ಮರದ ಪೆಟ್ಟಿಗೆಯಲ್ಲಿ ಬೆಲ್ಲ ಇಟ್ಟ ಹಾಗೆ. ಕೆಟ್ಟದೇನಲ್ಲ, ಆದರೆ ನಾನು ದುಡ್ಡು ಕೊಟ್ಟಿದ್ದು ಅದಕ್ಕಲ್ಲ. ಸೆಂಟಿನಲ್ಲಿ ನಿಂಬೆ, ಕಿತ್ತಳೆ ಥರದ್ದು ಮೊದಲು ಹಾರಿಹೋಗುತ್ತೆ, ಕಾಲು ಗಂಟೆ ಅರ್ಧ ಗಂಟೆಯೊಳಗೆ. ಆಮೇಲೆ ನಾಲ್ಕಾರು ಗಂಟೆ ಮೈಮೇಲೆ ಕೂರುವುದು ತಳದಲ್ಲಿರುವ ಮರ, ಅಂಟು, ವೆನಿಲಾ ಥರದ್ದು. ಅಂಗಡಿಯಲ್ಲಿ ನಾವು ಮೂಸುವುದು ಬರೀ ಆ ಮೊದಲ ಕಾಲು ಗಂಟೆಯನ್ನ.

ಅಮ್ಮನಿಗೆ ಬೆಲೆ ಹೇಳಬಾರದಿತ್ತು, ಹೇಳಿಬಿಟ್ಟೆ. "ಲೋ, ಈ ದುಡ್ಡಿಗೆ ದೇವರಿಗೆ ವರ್ಷವಿಡೀ ಹೂ ಆಗ್ತಿತ್ತು" ಅಂದರು. ಆಮೇಲೆ ಬಾಟಲಿಯನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇಷ್ಟು ಕೊಟ್ಟು ತಂದಿದ್ದೀಯ, ದಿನಾ ಸುಮ್ನೆ ಹೊಡ್ಕೊಂಡು ಖಾಲಿ ಮಾಡ್ಬೇಡ. ಫಂಕ್ಷನ್‌ಗೆ ಇಟ್ಕೋ" ಅಂತ ಹಾಲಿನ ಶೋಕೇಸಿನಲ್ಲಿ ಇಟ್ಟರು. ಒಂದು ಕಡೆ ನನ್ನ ಕಬಡ್ಡಿ ಕಪ್ಪು, ಇನ್ನೊಂದು ಕಡೆ ಚನ್ನಪಟ್ಟಣದ ಗೊಂಬೆ, ನಡುವೆ ಇದು. ಬಂದವರಿಗೆಲ್ಲ ಕಾಣಲಿ ಅಂತ.

ನಮ್ಮ ಹಾಲಿನ ಕಿಟಕಿ ಪಡುವಣಕ್ಕೆ. ಮಧ್ಯಾಹ್ನ ಮೂರರಿಂದ ಐದೂವರೆವರೆಗೆ ಬಿಸಿಲು ನೇರ ಶೋಕೇಸಿನ ಗಾಜಿಗೆ ಬೀಳುತ್ತೆ. ಬಾಟಲಿ ಆಗ ಎಷ್ಟು ಚೆನ್ನಾಗಿ ಹೊಳೆಯುತ್ತಿತ್ತು ಗೊತ್ತಾ? ಫೋಟೊ ಕೂಡ ತೆಗೆದು ಸ್ಟೇಟಸ್ ಹಾಕಿದ್ದೆ.

ನಾಲ್ಕು ತಿಂಗಳು ಭಾನುವಾರ ಭಾನುವಾರ ಹಚ್ಚಿದೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಮದುವೆಗಳಿಲ್ಲ, ಜಾತ್ರೆ ಇಲ್ಲ, ಮುಖಕ್ಕೆ ಮಾಸ್ಕು. ಮೂಗು ಮುಚ್ಚಿಕೊಂಡಿರುವ ಜನರ ಮಧ್ಯೆ ಸೆಂಟು ಯಾರಿಗೆ? ಬಾಟಲಿ ಅಲ್ಲೇ ಕೂತಿತು. ಮೂರು ಬೇಸಿಗೆ ಕಳೆಯಿತು.

2022ರ ಮೇ ತಿಂಗಳಲ್ಲಿ ತಂಗಿಯ ಮದುವೆ. ಇದಕ್ಕೇ ಅಲ್ವಾ ಎತ್ತಿಟ್ಟಿದ್ದು ಅಂತ ಮುಹೂರ್ತದ ಬೆಳಗ್ಗೆ ಶೋಕೇಸಿನಿಂದ ತೆಗೆದೆ. ತಂದಾಗ ತಿಳಿ ಹಳದಿ ಇತ್ತು. ಈಗ ನೀರು ಬೆರೆಸಿದ ಕಾಫಿ ಡಿಕಾಕ್ಷನ್ ಬಣ್ಣ. ಅವಸರದಲ್ಲಿ ತಲೆ ಕೆಡಿಸಿಕೊಳ್ಳದೆ ಆರು ಸಲ ಒತ್ತಿ ಛತ್ರಕ್ಕೆ ಓಡಿದೆ. ಬಾಗಿಲಲ್ಲಿ ಪನ್ನೀರು ಎರಚುತ್ತಿದ್ದ ಚಿಕ್ಕಮ್ಮ ಮೂಗು ಮುದುಡಿ, ನನ್ನ ಮೊಣಕೈ ಹಿಡಿದು ತಿರುಗಿಸಿ ನೋಡಿದರು. ಮಾತೆಲ್ಲ ತೆಲುಗಿನಲ್ಲಿ, ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅದು ಮಾಮೂಲಿ. ಅವರು ಕೇಳಿದ್ದನ್ನು ಕನ್ನಡದಲ್ಲಿ ಹೇಳೋದಾದರೆ, "ಎಲ್ಲಿ ಬಿದ್ದೆ ಅಪ್ಪಾ? ಟಿಂಕ್ಚರ್ ಹಾಕಿಸ್ಕೊಂಡಿದ್ದೀಯಲ್ಲ, ತುಂಬಾ ಪೆಟ್ಟಾಗಿದ್ಯಾ?"

ಹೇರಳೆಕಾಯಿ ಪೂರ್ತಿ ಸತ್ತಿತ್ತು. ಉಳಿದದ್ದು ಹುಳಿ ಹುಳಿಯಾದ ಸ್ಪಿರಿಟ್ ವಾಸನೆ, ಕೆಳಗೆ ಸೀದ ಬೆಲ್ಲ. ಆಮೇಲೆ ಓದಿ ತಿಳಿದುಕೊಂಡೆ, ಸೆಂಟಿಗೆ ಶತ್ರುಗಳು ಬೆಳಕು, ಸೆಕೆ, ಗಾಳಿ. ನಿಂಬೆ ಜಾತಿಯ ಎಣ್ಣೆಗಳು ಎಲ್ಲಕ್ಕಿಂತ ಮೊದಲು ಕೆಡುತ್ತವೆ. ಒತ್ತಿದಾಗಲೆಲ್ಲ ಹೊರಗೆ ಹೋದ ಸೆಂಟಿನ ಜಾಗಕ್ಕೆ ಗಾಳಿ ಒಳಗೆ ಬರುತ್ತೆ. ನಾನು ಬಿಸಿಲೂ ಕೊಟ್ಟೆ, ಸೆಕೆಯೂ ಕೊಟ್ಟೆ, ಎರಡೂವರೆ ವರ್ಷ ಟೈಮೂ ಕೊಟ್ಟೆ. ಬೀರುವಿನ ಕತ್ತಲೆಯಲ್ಲಿ ಡಬ್ಬಿಯೊಳಗೇ ಇಟ್ಟಿದ್ದರೆ ಉಳಿಯುತ್ತಿತ್ತೇನೋ. ಹಾಗೆ ಇಟ್ಟು ಎಷ್ಟೋ ವರ್ಷ ಬಳಸುವವರು ಇದ್ದಾರೆ. ಹಾಗಂತ ನನ್ನ ಭಾಗಾಕಾರ ಸರಿಯಾಗಲ್ಲ.

ಮದುವೆ ಗಲಾಟೆ ಮುಗಿದ ಮೇಲೆ ಸ್ಕೇಲ್ ಇಟ್ಟು ಅಳೆದೆ. ಬಾಟಲಿ ಚೌಕ, ಹಾಗಾಗಿ ಸುಲಭ. ತುಂಬಿದ್ದಾಗ ಏಳೂವರೆ ಸೆಂಟಿಮೀಟರ್ ಇದ್ದ ಮಟ್ಟ 1.8 ಸೆಂಟಿಮೀಟರ್ ಇಳಿದಿತ್ತು. ಅಂದರೆ ಖರ್ಚಾಗಿದ್ದು 24 ಎಂ.ಎಲ್. ಈಗ ಭಾಗಿಸಿ. 4,800ನ್ನು 24ರಿಂದ. ಎಂ.ಎಲ್.ಗೆ 200 ರೂಪಾಯಿ! ಅದೇ 30ರ ಬಾಟಲಿ ತಗೊಂಡು, 24 ಬಳಸಿ, ಉಳಿದ 6 ಎಂ.ಎಲ್. ಮೋರಿಗೆ ಚೆಲ್ಲಿದ್ದರೂ 87 ರೂಪಾಯಿ 50 ಪೈಸೆ ಬೀಳುತ್ತಿತ್ತು. ಜೇಬಿನಲ್ಲಿ 2,700 ಉಳಿಯುತ್ತಿತ್ತು. ಅಗ್ಗದ್ದು ಅಂತ ತಗೊಂಡಿದ್ದೇ ಆ ಮೂರರಲ್ಲಿ ದುಬಾರಿ ಆಯ್ತು.

ಹಾಳಾದ ಸೆಂಟು ಒಂದು ಕೆಲಸಕ್ಕೆ ಬಂತು. ನನ್ನ ಸ್ನೇಹಿತನದ್ದು ಚಿನ್ನದ ಅಂಗಡಿ. ಮಿಲಿಗ್ರಾಂವರೆಗೂ ತೋರಿಸುವ ತಕ್ಕಡಿ, ಗಾಜಿನ ಗೂಡಿನೊಳಗೆ. ಒಂದು ಸಂಜೆ ಗಿರಾಕಿ ಇಲ್ಲದ ಹೊತ್ತು ನೋಡಿ ಬಾಟಲಿ ತಗೊಂಡು ಹೋದೆ. ತೂಕ ಬರೆದುಕೊಂಡೆವು. "ಒಳಗೆ ಹೊಡೀಬೇಡ ಮಗಾ, ಆಚೆ ಹೋಗು" ಅಂತ ಓಡಿಸಿದ. ಮೆಟ್ಟಿಲ ಮೇಲೆ ನಿಂತು ಗಾಳಿಗೆ 20 ಸಲ ಒತ್ತಿದೆ. ಪಕ್ಕದ ಕಡಲೆಕಾಯಿ ಗಾಡಿಯವನು ಗಾಡಿ ನಾಲ್ಕು ಹೆಜ್ಜೆ ಆಚೆ ತಳ್ಳಿಕೊಂಡ. ಮತ್ತೆ ತೂಗಿದರೆ 1.7 ಗ್ರಾಂ ಕಮ್ಮಿ. ಸೆಂಟಿನಲ್ಲಿ ಜಾಸ್ತಿ ಆಲ್ಕೊಹಾಲು, ನೀರಿಗಿಂತ ಹಗುರ, ಹಾಗಾಗಿ ಅದು ಸುಮಾರು 2 ಎಂ.ಎಲ್. ಅಂದರೆ ಒಂದು ಸಲ ಒತ್ತಿದರೆ 0.1 ಎಂ.ಎಲ್. ಪಂಪಿನಿಂದ ಪಂಪಿಗೆ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತೆ, ಆದರೆ ಈ ಲೆಕ್ಕ ಇಟ್ಟುಕೊಂಡರೆ ಮೋಸ ಇಲ್ಲ.

ಹಾಗಾದರೆ 30 ಎಂ.ಎಲ್. ಬಾಟಲಿಯಲ್ಲೇ 300 ಸಲ ಇದೆ. ನನ್ನಂಥ ಭಾನುವಾರದ ಗಿರಾಕಿಗೆ, ವರ್ಷಕ್ಕೆ 52 ಭಾನುವಾರ, ಮೇಲೆ ಹದಿನೈದು ಫಂಕ್ಷನ್, ಒಂದೊಂದಕ್ಕೆ ನಾಲ್ಕು ಸಲ ಅಂದರೂ 268. ಒಂದು ವರ್ಷಕ್ಕೆ 30 ಸಾಕು ಸಾಕು. 100 ತಗೊಂಡಿದ್ದು ಮೂರೂಮುಕ್ಕಾಲು ವರ್ಷದ ಸರಕು. ನಮ್ಮ ಅಮ್ಮನ ಹತ್ತಿರ ಯಾರಾದರೂ ಬಂದು ನಾಲ್ಕು ವರ್ಷಕ್ಕಾಗುವಷ್ಟು ಮಲ್ಲಿಗೆ ಕೊಡಿ ಅಂತಾರಾ? ಇವತ್ತಿಗೆ ಒಂದು ಮೊಳ ಅಂತಾರೆ. ಅದನ್ನು ನೋಡುತ್ತಲೇ ಬೆಳೆದವನು ನಾನು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಮೊದಲ ಸಲ ತಗೊಳ್ಳೋರಿಗೆ 30, 50, 100 ಅನ್ನೋ ಆಯ್ಕೆಯೇ ಬೇಡ. ಮೊದಲು 2 ಎಂ.ಎಲ್., 5 ಎಂ.ಎಲ್. ಸ್ಯಾಂಪಲ್ ಸಿಗುತ್ತಾ ನೋಡಿ, ಇಲ್ಲಾಂದ್ರೆ 10 ಎಂ.ಎಲ್.ದು. ಎಂ.ಎಲ್. ಲೆಕ್ಕದಲ್ಲಿ ಅದು ಎಲ್ಲಕ್ಕಿಂತ ದುಬಾರಿ ಕಾಣುತ್ತೆ, ಕಾಣಲಿ ಬಿಡಿ. 5 ಎಂ.ಎಲ್. ಅಂದ್ರೆ 50 ಸಲ. ಕಾಗದದ ಮೇಲೆ ಬೇಡ, ಮೈಮೇಲೆ ಹಾಕಿಕೊಂಡು ಒಂದು ಪೂರ್ತಿ ದಿನ ಓಡಾಡಿ. ಬಿಸಿಲಲ್ಲಿ, ಬಸ್ಸಲ್ಲಿ, ಬೆವರಿದಾಗ. ಸಂಜೆ ಅಂಗಿ ಬಿಚ್ಚುವಾಗ ಮೂಸಿ ನೋಡಿ. ಆ ಹೊತ್ತಿನ ವಾಸನೆ ಇಷ್ಟ ಆದರೆ ಮಾತ್ರ ಮುಂದೆ ಹೋಗಿ.

ಮುಂದೆ ಹೋದರೂ 30. 50 ಅನ್ನೋದು ದಿನಾ ಹಚ್ಚುವವರಿಗೆ, ದಿನಕ್ಕೆ ನಾಲ್ಕು ಸಲ ಅಂದರೆ ನಾಲ್ಕು ತಿಂಗಳು ಬರುತ್ತೆ. ಡಬ್ಬಿ ಮೇಲೆ ಇಡಿಟಿ (ಓ ದ ಟಾಯ್ಲೆಟ್, ತೆಳು ಸೆಂಟು) ಅಂತ ಇದೆಯೋ ಇಡಿಪಿ (ಓ ದ ಪರ್ಫ್ಯೂಮ್, ಗಾಢ ಸೆಂಟು) ಅಂತ ಇದೆಯೋ ಅದನ್ನೂ ನೋಡಿ. ಇಡಿಪಿಯಲ್ಲಿ ಸುಗಂಧದ ಎಣ್ಣೆ ಸಾಮಾನ್ಯವಾಗಿ ನೂರಕ್ಕೆ 15ರಿಂದ 20, ಇಡಿಟಿಯಲ್ಲಿ 5ರಿಂದ 15. ಇಡಿಪಿಗೆ ಎರಡು ಸಲ ಒತ್ತಿದರೆ ಸಾಕಾಗುವ ಕಡೆ ಇಡಿಟಿಗೆ ನಾಲ್ಕು ಬೇಕಾಗಬಹುದು. ಬಾಟಲಿ ಎಷ್ಟು ದಿನ ಬರುತ್ತೆ ಅನ್ನೋದು ಇದರ ಮೇಲೂ ನಿಂತಿದೆ.

100 ಯಾರಿಗೆ? ಒಂದೇ ಸೆಂಟನ್ನು ಒಂದು ಬಾಟಲಿ ಪೂರ್ತಿ ತಳ ಕಾಣುವವರೆಗೆ ಮುಗಿಸಿ, ಮತ್ತೆ ಅದೇ ಬೇಕು ಅನ್ನುವವರಿಗೆ. ಅಣ್ಣ ತಮ್ಮ ಇಬ್ಬರೂ ಅದನ್ನೇ ಬಳಸುವ ಮನೆಗೆ. "ಹೇಗಿದ್ರೂ ಮುಗಿಯುತ್ತೆ ಬಿಡು" ಅನ್ನುವವರಿಗಲ್ಲ. ಮುಗಿಯಲ್ಲ, ನಾನೇ ನೋಡಿದ್ದೀನಿ.

ಇನ್ನೊಂದು, ದುಬಾರಿ ಅಂತ ಎತ್ತಿಡೋ ಬುದ್ಧಿ ಮನೆಯಲ್ಲಿ ಇದ್ದರೆ (ನಮ್ಮ ಕಡೆ ಯಾವ ಮನೆಯಲ್ಲಿಲ್ಲ ಹೇಳಿ), ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ಚಿಕ್ಕ ಬಾಟಲಿಯನ್ನು ಯಾರೂ ಶೋಕೇಸಿಗೆ ಇಡಲ್ಲ. ಅದು ಕನ್ನಡಿ ಹತ್ತಿರ ಬಾಚಣಿಗೆ ಪಕ್ಕ ಬಿದ್ದಿರುತ್ತೆ, ಹಾಗಾಗಿ ಖರ್ಚಾಗುತ್ತೆ. ಕನ್ನಡಿಯೂ ಬಿಸಿಲಿನ ಕಡೆಗೆ ಇದ್ದರೆ ಮಾತ್ರ ಬೀರುವಿಗೆ ಹಾಕಿ.

ನಾನೀಗ ಶಿವಾಜಿನಗರದ ಒಂದು ಅತ್ತರಿನ ಅಂಗಡಿಯಿಂದ 3 ಎಂ.ಎಲ್. ಸೀಸೆ ತರುತ್ತೀನಿ. ಅದು ಲಾವಂಚದ್ದು. ಅಲ್ಲಿ ಹಳಬರು ಇನ್ನೂ ತೊಲ ಲೆಕ್ಕದಲ್ಲಿ ಕೇಳ್ತಾರೆ, ಒಂದು ತೊಲ ಅಂದ್ರೆ ಹನ್ನೊಂದೂವರೆ ಗ್ರಾಂ ಚಿಲ್ಲರೆ. ಕಾಲು ತೊಲ ಕೇಳಿದರೆ ಅಂಗಡಿಯವರು ಮುಖ ಸಿಂಡರಿಸಲ್ಲ. ಅದರಲ್ಲಿ ಆಲ್ಕೊಹಾಲಿಲ್ಲ, ಮಣಿಕಟ್ಟಿಗೆ ಒಂದು ಹನಿ ಸವರಿದರೆ ಮುಗೀತು. ಭಾನುವಾರಕ್ಕೆ ಅಷ್ಟೇ ಸಾಕು ನನಗೆ. ನಿಮಗೆ ಅತ್ತರು ಹಿಡಿಸಬೇಕು ಅಂತೇನಿಲ್ಲ.

ಹಳೇ ಬಾಟಲಿ ಏನಾಯ್ತು ಅಂತ ಕೇಳ್ತೀರಾ? ಅಮ್ಮ ಎಸೆಯಲು ಬಿಡಲಿಲ್ಲ. ಈಗ ಬಚ್ಚಲುಮನೆ ಕಿಟಕಿಯಲ್ಲಿದೆ. ಫಿನಾಯಿಲ್ ಮುಗಿದ ದಿನ ಎರಡು ಸಲ ಒತ್ತುತ್ತಾರೆ. ಇನ್ನೂ ಅರ್ಧದ ಮೇಲಿದೆ.

ನೀವು ವಾರಕ್ಕೆ ಎಷ್ಟು ದಿನ ಹಚ್ಚುತ್ತೀರಿ, ಕೆಲಸದ ಜಾಗದಲ್ಲಿ ಹಚ್ಚೋಕೆ ಬಿಡ್ತಾರಾ, ಬರೆದಿಲ್ಲ. ಅದನ್ನು ಇಲ್ಲೇ ಕೆಳಗೆ ಬರೆಯಿರಿ, ಭಾಗಿಸಿ ಹೇಳ್ತೀನಿ.