ಅಣ್ಣನ ನೋವಿಗೆ ಮಾರ್ಫಿನ್ ಕೊಡಬಹುದಾ?

ಪ್ರಶ್ನೆ: ಸಿಸ್ಟರ್, ನನ್ನ ಅಣ್ಣನಿಗೆ ಲಿವರ್ ಕ್ಯಾನ್ಸರ್. ಇನ್ನು ಕೆಲವೇ ವಾರ ಎಂದಿದ್ದಾರೆ. 20 ವರ್ಷದಿಂದ ಕುಡಿಯುತ್ತಾನೆ, ಈಗಲೂ ಬಿಟ್ಟಿಲ್ಲ. ಚಿಕ್ಕವನಿದ್ದಾಗ ಅಪ್ಪ ರಾತ್ರಿ ಹೊದಿಕೆ ಎಳೆದು ಎಬ್ಬಿಸಿ ಹೊಡೆಯುತ್ತಿದ್ದರು. ಇವತ್ತಿಗೂ ಯಾರಾದರೂ ಹೊದಿಕೆ ಸರಿಮಾಡಲು ಹೋದರೆ ಎರಡೂ ಕೈಯಿಂದ ಮುಖ ಮುಚ್ಚಿಕೊಳ್ಳುತ್ತಾನೆ. ನೋವು ತಡೆಯಲಾಗುತ್ತಿಲ್ಲ ಎಂದರೆ, ಆಸ್ಪತ್ರೆಯಲ್ಲಿ 'ಇಂಥವರಿಗೆ ಮಾರ್ಫಿನ್ ಕೊಟ್ಟರೆ ಅದರ ಚಟವೂ ಹತ್ತುತ್ತೆ' ಎಂದುಬಿಟ್ಟರು. ನಾನು ಬಾಟಲಿ ಬಚ್ಚಿಡಲಾ? ಏನು ಮಾಡಲಿ?

ಉತ್ತರ: ಬಾಟಲಿ ವಿಷಯ ಮೊದಲು ಹೇಳುತ್ತೇನೆ, ಅದು ಅರ್ಜೆಂಟು. ಬಚ್ಚಿಡಬೇಡಿ. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ 6ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು ಶುರುವಾಗುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಆಮೇಲೆ ಇಲ್ಲದ್ದೆಲ್ಲ ಕಂಡು ಬಡಬಡಿಸಬಹುದು, ಜೀವಕ್ಕೂ ಅಪಾಯ. ದಿನಕ್ಕೆಷ್ಟು, ಕೊನೆಯ ಸಲ ಯಾವಾಗ, ಎಲ್ಲವನ್ನೂ ಡಾಕ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳಿ. ನಾಚಿಕೆಯಿಂದ ಕಡಿಮೆ ಮಾಡಿ ಹೇಳಬೇಡಿ. ನಡುಕ, ಫಿಟ್ಸ್ ತಡೆಯಲು ಔಷಧಿ ಇದೆ. ನಿಲ್ಲಿಸುವುದೋ, ಸ್ವಲ್ಪ ಮುಂದುವರಿಸುವುದೋ, ಅಣ್ಣನನ್ನೂ ಕೇಳಿಯೇ ತೀರ್ಮಾನಿಸಿ.

ಇನ್ನು ಮಾರ್ಫಿನ್. ಆ ಮಾತು ಓದಿ ನನಗೆ ಸಿಟ್ಟು ಬಂತು. ಇನ್ನು ಕೆಲವೇ ವಾರ ಇರುವವನಿಗೆ ಮುಂದೆ ಚಟ ಹತ್ತೀತು ಎಂದು ಇವತ್ತು ನರಳಲು ಬಿಡುವುದು ಯಾವ ನ್ಯಾಯ? ಮಾರ್ಫಿನ್ ಕೊಡಬಹುದು. ಲಿವರ್ ಸೋತಿರುವುದರಿಂದ ಕಡಿಮೆ ಡೋಸಿನಲ್ಲಿ, ಜಾಸ್ತಿ ಅಂತರ ಬಿಟ್ಟು ಶುರು ಮಾಡುತ್ತಾರೆ. ಕುಡಿತದ ಜೊತೆ ಸೇರಿದರೆ ಉಸಿರಾಟ ನಿಧಾನವಾಗುತ್ತದೆ, ಅದಕ್ಕೇ ಕುಡಿತದ ಲೆಕ್ಕ ಮುಚ್ಚಿಡಬೇಡಿ ಎಂದಿದ್ದು. ಒಂದೇ ಸಲ ಜಾಸ್ತಿ ತರಬೇಡಿ. ಬೀಗ ಹಾಕಿಡಿ, ಕೊಟ್ಟ ಹೊತ್ತು ಬರೆದಿಡಿ, ಬೀಗ ಯಾಕೆ ಎಂದು ಅಣ್ಣನಿಗೂ ಹೇಳಿ. ಮಲಬದ್ಧತೆಗೆ ಔಷಧಿ ಜೊತೆಗೇ ಕೇಳಿ. ಹೊಟ್ಟೆ ಕಟ್ಟಿದರೆ ಲಿವರ್ ಕೆಟ್ಟವರಿಗೆ ತಲೆ ಗೊಂದಲವಾಗುತ್ತದೆ.

ಹೊದಿಕೆಯ ಸಾಲು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ, ಬ್ಯಾಂಡೇಜ್ ನೋಡಲೆಂದು ಮಲಗಿದ್ದವರೊಬ್ಬರ ಹೊದಿಕೆ ಹೇಳದೆ ಸರಿಸಿದ್ದೆ. ಅವರು ಗೋಡೆಗೆ ಅಂಟಿಕೊಂಡು ಮುದುಡಿದರು. 'ಹಟಮಾರಿ' ಎಂದು ಕೇಸ್ ಶೀಟಿನಲ್ಲಿ ಬರೆದೆ. ಆ ಪದ ಇವತ್ತಿಗೂ ಚುಚ್ಚುತ್ತದೆ.

ಹಿಂದಿನಿಂದ ಹೋಗಬೇಡಿ. ಎದುರು ನಿಂತು ಹೆಸರು ಹಿಡಿದು ಕರೆಯಿರಿ. 'ಹೊದಿಕೆ ಸ್ವಲ್ಪ ಸರಿಸಲಾ?' ಎಂದು ಕೇಳಿ, ಕೈಯಲ್ಲಿ ಶಕ್ತಿ ಇರುವವರೆಗೂ ಅವನೇ ಸರಿಸಲಿ. ರಾತ್ರಿ ಸಣ್ಣ ದೀಪ ಉರಿಯುತ್ತಿರಲಿ. ಮೂತ್ರದ ಟ್ಯೂಬ್ ಹಾಕುವಾಗ ಒಂದೊಂದು ಹೆಜ್ಜೆಯನ್ನೂ ಮೊದಲೇ ಹೇಳಬೇಕು, 'ನಿಲ್ಲಿಸಿ' ಎಂದರೆ ನಿಲ್ಲಿಸಬೇಕು. ಅವನು ಒಪ್ಪಿದರೆ ಹಾಸಿಗೆಯ ತಲೆಭಾಗದಲ್ಲಿ ಚೀಟಿ ಅಂಟಿಸಿ: 'ಹೇಳಿ ಮುಟ್ಟಿ'. ಕಾರಣ ಬರೆಯಬೇಕಿಲ್ಲ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ (ಕೊನೆಗಾಲದ ರೋಗಿಗಳ ಆರೈಕೆ ಕೇಂದ್ರ) ಶುರು ಮಾಡಿದ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್ ಆಗಿದ್ದವರು, ಆಮೇಲೆ ಡಾಕ್ಟರ್ ಆದರು. ದೇಹದ ನೋವು, ಮನಸ್ಸಿನ ನೋವು ಎರಡೂ ಸೇರಿ ಒಂದೇ ನೋವು ಎಂದು ನೋಡಲು ಕಲಿಸಿದರು. ನಿಮ್ಮ ಅಣ್ಣ ಮುಖ ಮುಚ್ಚಿಕೊಳ್ಳುವುದೂ ಅದೇ ನೋವು. ಅದನ್ನೂ ಡಾಕ್ಟರಿಗೆ ಹೇಳಿ.

ಅಂದಹಾಗೆ, ನೀವೂ ಅದೇ ಮನೆಯಲ್ಲಿ ಬೆಳೆದವರು ಅಲ್ವಾ? ಪತ್ರದಲ್ಲಿ ನಿಮ್ಮ ಬಗ್ಗೆ ಒಂದು ಸಾಲೂ ಇಲ್ಲ. ಆಗ ನೀವು ಎಲ್ಲಿ ಮಲಗುತ್ತಿದ್ದಿರಿ? ಬರೆಯಬೇಕು ಅನ್ನಿಸಿದಾಗ ನನಗೆ ಬರೆಯಿರಿ.