ಅರವತ್ತರ ಮೇಲೆ ಡೇಟಿಂಗ್ ಪ್ರೊಫೈಲ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನಗೀಗ 64. ಡೇಟಿಂಗ್ ಆ್ಯಪ್‌ನಲ್ಲಿ 58 ಎಂದು ಹಾಕಿಕೊಳ್ಳಬಹುದೇ?

ಉತ್ತರ: ಬೇಡ. ಅಲ್ಲಿ ಜನ ಹುಡುಕುವುದೇ ವಯಸ್ಸಿನ ಮಿತಿ ಹಾಕಿ. ‘60ರಿಂದ 70’ ಎಂದು ಹುಡುಕುವ ನಿಮ್ಮ ಓರಗೆಯವರ ಕಣ್ಣಿಗೆ ನೀವು ಬೀಳುವುದೇ ಇಲ್ಲ. ಕೆಲವು ಆ್ಯಪ್‌ಗಳಲ್ಲಿ ಒಮ್ಮೆ ಕೊಟ್ಟ ಹುಟ್ಟಿದ ದಿನಾಂಕವನ್ನು ಆಮೇಲೆ ನಾವೇ ತಿದ್ದಲು ಬರುವುದಿಲ್ಲ.

ಪ್ರಶ್ನೆ: ಸೆಲ್ಫಿಯಲ್ಲಿ ಮೂಗು ದಪ್ಪ, ಮುಖ ಉಬ್ಬಿದಂತೆ ಬರುತ್ತದೆ. ಹಳೆಯ ಫೋಟೊ ಹಾಕಲೇ?

ಉತ್ತರ: ತಪ್ಪು ಮುಖದ್ದಲ್ಲ, ದೂರದ್ದು. ಫೋನ್ ಹತ್ತಿರವಿದ್ದಾಗ ಅದಕ್ಕೆ ಸಮೀಪವಿರುವ ಮೂಗು ಹಿಗ್ಗುತ್ತದೆ, ಕಿವಿ ಕುಗ್ಗುತ್ತದೆ. ಐದಾರು ಅಡಿ ಆಚೆಯಿಂದ, ಕಣ್ಣಿನ ಮಟ್ಟದಲ್ಲಿ, ಬೇರೆಯವರಿಂದ ತೆಗೆಸಿ. ಕಿಟಕಿಗೆ ಮುಖ ಮಾಡಿ ನಿಲ್ಲಿ; ಬೆನ್ನು ಮಾಡಿದರೆ ಮುಖ ಕಪ್ಪಾಗುತ್ತದೆ. ಲೆನ್ಸ್ ಒರೆಸಿ, ಚರ್ಮವನ್ನು ನುಣುಪಾಗಿಸಿ ತೋರಿಸುವ ಬ್ಯೂಟಿ ಮೋಡ್ ಆಫ್ ಮಾಡಿ. ದಿನವೂ ಕನ್ನಡಕ ಹಾಕುವವರು ತೆಗೆಯಬೇಡಿ, ಗಾಜು ಹೊಳೆದರೆ ಗದ್ದ ತುಸು ತಗ್ಗಿಸಿ. ಒಂದು ಮುಖದ್ದು, ಒಂದು ಪೂರ್ತಿ ನಿಲುವಿನದು, ಎರಡು ಏನಾದರೂ ಮಾಡುತ್ತಿರುವಾಗಿನವು. ನಾಲ್ಕೂ ಈ ಒಂದು ವರ್ಷದೊಳಗಿನವಾಗಿರಲಿ. ಹಿನ್ನೆಲೆಯಲ್ಲಿ ಮನೆ ನಂಬರ್, ಮೊಮ್ಮಕ್ಕಳ ಮುಖ ಬೇಡ.

ಪ್ರಶ್ನೆ: ಪತ್ನಿ ತೀರಿಕೊಂಡು ಮೂರು ವರ್ಷ. ನನ್ನ ಬಗ್ಗೆ ಬರೆಯಲು ಕೂತರೆ ಈಗಲೂ ‘ನಾವು’ ಎಂದೇ ಬರುತ್ತದೆ. ಅಳಿಸಬೇಕೆ?

ಉತ್ತರ: ನಿಮ್ಮೊಬ್ಬರಿಗೇ ಹೀಗಾಗುವುದಿಲ್ಲ. ಅಮೆರಿಕದ ಸಂಶೋಧಕರಾದ ಡೇವಿಸ್ ಮತ್ತು ಫಿಂಗರ್‌ಮನ್ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 4000 ಡೇಟಿಂಗ್ ಪ್ರೊಫೈಲ್‌ಗಳನ್ನು ಪರಿಶೀಲಿಸಿದ್ದರು. ಹಿರಿಯರ ಬರಹದಲ್ಲಿ ‘ನಾವು, ನಮ್ಮ’ ಹೆಚ್ಚು, ಕಿರಿಯರದರಲ್ಲಿ ‘ನಾನು, ನನ್ನ’ ಹೆಚ್ಚು ಇತ್ತು. ಆದರೆ ಓದುವವರಿಗೆ ಆ ‘ನಾವು’ ಒಳಗೆ ಯಾರಿದ್ದಾರೆ, ತಮಗೆ ಜಾಗವಿದೆಯೇ ಎಂಬ ಅಳುಕು ಹುಟ್ಟುತ್ತದೆ. ‘ಪತ್ನಿ ತೀರಿಕೊಂಡು ಮೂರು ವರ್ಷವಾಯಿತು’ ಎಂದು ಒಂದೇ ವಾಕ್ಯದಲ್ಲಿ ಹೇಳಿ. ಮುಚ್ಚಿಡುವುದೂ ಬೇಡ, ಹೊಸಬರನ್ನು ಅವರೊಂದಿಗೆ ಹೋಲಿಸುವುದೂ ಬೇಡ. ಮಿಕ್ಕದ್ದನ್ನು ವರ್ತಮಾನಕ್ಕೆ ತನ್ನಿ. ‘ನಾವು ಸಂಜೆ ವಾಕಿಂಗ್ ಹೋಗುತ್ತಿದ್ದೆವು’ ಎನ್ನುವ ಬದಲು ‘ಸಂಜೆ ಐದೂವರೆಗೆ ವಾಕಿಂಗ್ ಹೊರಡುತ್ತೇನೆ, ಮೊಣಕಾಲು ನೋವು, ನಡಿಗೆ ನಿಧಾನ, ಮಾತಿಗೆ ಜೊತೆ ಸಿಕ್ಕರೆ ಇನ್ನೊಂದು ಸುತ್ತು’ ಎಂದು ಬರೆದು ನೋಡಿ. ಮೊಣಕಾಲು ನೋವು ಬರೆದರೆ ಯಾರೂ ಓಡಿಹೋಗುವುದಿಲ್ಲ; ನಿಧಾನಕ್ಕೆ ನಡೆಯುವ ಇನ್ನೊಬ್ಬರಿಗೆ ಧೈರ್ಯ ಬರುತ್ತದೆ. ‘ಸ್ನೇಹಜೀವಿ, ಸರಳ ವ್ಯಕ್ತಿ’ ಎಂಬಂಥವನ್ನು ಹೊಡೆದುಹಾಕಿ. ಯಾರಿಗಾದರೂ ಹೊಂದುವ ಮಾತುಗಳವು.

ಒಂದು ಎಚ್ಚರ: ‘ಒಬ್ಬನೇ ಇದ್ದೇನೆ, ಸ್ವಂತ ಮನೆ, ಪಿಂಚಣಿ ಬರುತ್ತದೆ’ ಎಂದು ಬರೆಯಬೇಡಿ. ವಂಚಕರು ಹುಡುಕುವುದೇ ಈ ಮೂರನ್ನು. ವಿಡಿಯೊ ಕರೆಗೆ ನೆಪ ಹೇಳುತ್ತಾ, ಆ್ಯಪ್ ಬಿಟ್ಟು ಬೇರೆಡೆ ಮಾತಾಡೋಣ ಎಂದು ಅವಸರಿಸುವವರು ಹಣದ ಮಾತೆತ್ತಿದ ಕೂಡಲೇ ಬ್ಲಾಕ್ ಮಾಡಿ, ಆ್ಯಪ್‌ಗೆ ದೂರು ಕೊಡಿ.