ಬೈಕಿನ ಎಂಜಿನ್ ಆಯಿಲ್ ಮಟ್ಟ ಒಂದೊಂದು ಸಲ ಒಂದೊಂದು ತರಹ ಕಾಣುತ್ತದೆ, ಯಾವುದು ಸರಿ?

ಸೈಡ್ ಸ್ಟ್ಯಾಂಡ್ ಹಾಕಿ ನೋಡುತ್ತಿದ್ದೀರಿ ಅನಿಸುತ್ತದೆ. ಬಹುಪಾಲು ಬೈಕುಗಳಲ್ಲಿ ಸಮತಟ್ಟು ನೆಲದ ಮೇಲೆ ನೇರವಾಗಿ ನಿಲ್ಲಿಸಿ ನೋಡಿದ್ದೇ ಸರಿ. ಎಂಜಿನ್ ಎರಡು-ಮೂರು ನಿಮಿಷ ಓಡಿಸಿ, ಆಫ್ ಮಾಡಿ, ಆಯಿಲ್ ಕೆಳಗಿಳಿಯಲು ಅಷ್ಟೇ ಹೊತ್ತು ಬಿಡಿ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ಒರೆಸಿ ಮತ್ತೆ ಅದ್ದಿ. ಅದನ್ನು ತಿರುಗಿಸಿ ಬಿಗಿಯಬೇಕೋ, ಸುಮ್ನೆ ಕೂರಿಸಿದರೆ ಸಾಕೋ ಎಂಬುದು ಮ್ಯಾನ್ಯುಯಲ್‌ನಲ್ಲಿರುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ! ಡಿಪ್‌ಸ್ಟಿಕ್ ಬದಲು ಎಂಜಿನ್‌ನಲ್ಲಿ ಆಯಿಲ್ ಕಾಣುವ ಗಾಜಿನ ಕಿಂಡಿ ಇದ್ದರೆ ಮಟ್ಟ ಎರಡು ಗೆರೆಗಳ ನಡುವೆ ಇರಲಿ.

ಕಡಿಮೆಯಿದ್ದರೆ ಅದೇ ಗ್ರೇಡಿನ ಆಯಿಲ್ 50-100 ಮಿ.ಲೀ. ಹಾಕಿ ಮತ್ತೆ ನೋಡಿ. ಕಾರಿನ ಆಯಿಲ್ ಬೇಡ, ಆಯಿಲ್‌ನಲ್ಲೇ ಮುಳುಗಿರುವ ಕ್ಲಚ್ ಜಾರಬಹುದು. ಜಾಸ್ತಿಯಾದರೂ ತೊಂದರೆಯೇ. ಎಂಜಿನ್ ಒಳಗೆ ತಿರುಗುವ ಕ್ರ್ಯಾಂಕ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ, ಏರ್ ಫಿಲ್ಟರ್‌ವರೆಗೂ ಆಯಿಲ್ ಹೋಗಬಹುದು. ಸಿರಿಂಜಿಗೆ ಸಣ್ಣ ಪೈಪು ಸಿಕ್ಕಿಸಿ, ಆಯಿಲ್ ಹಾಕುವ ಬಾಯಿಂದಲೇ ಹೆಚ್ಚಾದಷ್ಟನ್ನು ಎಳೆದುಬಿಡಿ.